ಜೆಟೇಬಲ್ ಸೆಲ್‌ಗಳ ರೂಪ ಬದಲಿಸುವುದು: ಯಾವ ಕೆಲಸಕ್ಕೆ ಯಾವ ದಾರಿ

ಹಾಲಿನ ಸೊಸೈಟಿಯ ಲೆಕ್ಕದ ಪರದೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಂಡ್ಯ, ಮದ್ದೂರು ಸೀಮೆಯಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಡೇರಿಯ ಪರದೆಯ ಮೇಲೆ ಹೆಚ್ಚುಕಮ್ಮಿ ಇದೇ ಹತ್ತು ಕಾಲಂ ಇರುತ್ತವೆ: ಸದಸ್ಯರ ಸಂಖ್ಯೆ, ಹೆಸರು, ತಾರೀಖು, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ದರ, ಮೊತ್ತ, ಬಟವಾಡೆ ಆಯಿತೇ ಇಲ್ಲವೇ. ಇದನ್ನು ಜಾವಾ ಸ್ವಿಂಗ್‌ನಲ್ಲಿ (ಜಾವಾ ಭಾಷೆಯಲ್ಲಿ ಕಿಟಕಿ, ಪರದೆ ಕಟ್ಟುವ ಲೈಬ್ರರಿ) ಏನೂ ಹೇಳದೆ ಒಂದು ಜೆಟೇಬಲ್‌ಗೆ, ಅಂದರೆ ಅದರ ಕೋಷ್ಟಕಕ್ಕೆ, ಸುರಿದರೆ ಫ್ಯಾಟ್, ಮೊತ್ತ ಎಲ್ಲ ಎಡಕ್ಕೆ ಅಂಟಿಕೊಳ್ಳುತ್ತವೆ, ಬಟವಾಡೆ ಕಾಲಂನಲ್ಲಿ ‘ಟ್ರೂ’, ‘ಫಾಲ್ಸ್’ ಎಂದು ಬರುತ್ತದೆ, ‘ಲಕ್ಷ್ಮಮ್ಮ’ ಎಂಬ ಹೆಸರಿನ ಒತ್ತಕ್ಷರ ಅರ್ಧಕ್ಕೆ ತುಂಡಾಗಿರುತ್ತದೆ. ಬಾಗಿಲಾಚೆ ಕ್ಯಾನು ಹಿಡಿದವರ ಸಾಲು ಬೆಳೆಯುತ್ತಿರುವಾಗ ಕಾರ್ಯದರ್ಶಿ ಕಣ್ಣು ಕಿರಿದು ಮಾಡಿಕೊಂಡು ಅಂಕಿ ಹುಡುಕುವಂತಾಗಬಾರದು.

ಇದನ್ನು ಸರಿಮಾಡಲು ಐದಾರು ದಾರಿಗಳಿವೆ. ಎಲ್ಲವೂ ಕೆಲಸ ಮಾಡುತ್ತವೆ, ಅಲ್ಲೇ ತೊಂದರೆ: ಕೈಗೆ ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡರೆ ಇವತ್ತು ಪರದೆ ಚೆನ್ನಾಗಿ ಕಾಣುತ್ತದೆ, ಮುಂದಿನ ತಿಂಗಳು ಸಾರ್ಟ್ (ಸಾಲುಗಳನ್ನು ಕ್ರಮದಲ್ಲಿ ಜೋಡಿಸುವುದು) ಕೆಡುತ್ತದೆ. ನಮ್ಮ ಶಿಫಾರಸು ಇಷ್ಟು. ಮಾಡೆಲ್‌ನಲ್ಲಿ (ಟೇಬಲ್‌ನ ದತ್ತಾಂಶ ಇಟ್ಟುಕೊಳ್ಳುವ ಭಾಗ) ಬೆಲೆ, ಅಂದರೆ ಸೆಲ್‌ನ ಮೌಲ್ಯ, ಇದ್ದ ಹಾಗೇ ಇರಲಿ, ರೂಪವನ್ನು ಮಾತ್ರ ಹೊರಗಿನಿಂದ ತೊಡಿಸಿ. ಅದನ್ನೂ ಸಾಧ್ಯವಾದಷ್ಟು ಚಿಕ್ಕ ಪದರದಲ್ಲಿ ಮುಗಿಸಿ.

ಮೊದಲು ಬಿಡಬೇಕಾದ ದಾರಿ

ಸೆಲ್‌ನ ಬೆಲೆ ಕೊಡುವ ಮಾಡೆಲ್‌ನ ಗೆಟ್‌ವ್ಯಾಲ್ಯೂಅಟ್‌ನಲ್ಲೇ ‘₹412.13’ ಎಂದು ಸ್ಟ್ರಿಂಗ್ (ಪಠ್ಯ) ಮಾಡಿ ಕೊಟ್ಟುಬಿಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿ. ಸ್ಟ್ರಿಂಗ್ ಆದ ಕ್ಷಣ 10.5 ಲೀಟರ್ 9.0 ಲೀಟರ್‌ಗಿಂತ ಮುಂಚೆ ಬರುತ್ತದೆ, ಏಕೆಂದರೆ ಅಕ್ಷರವಾಗಿ ನೋಡಿದರೆ ‘1’ ‘9’ಕ್ಕಿಂತ ಮೊದಲು. ಹತ್ತು ಲೀಟರ್ ದಾಟಿ ಹಾಕುವವರು ಯಾರೂ ಇಲ್ಲದ ತನಕ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಒಟ್ಟು ಮೊತ್ತ ಹಾಕಲು ಹೋದರೆ ರೂಪಾಯಿ ಚಿಹ್ನೆ, ಅಲ್ಪವಿರಾಮ ಕಿತ್ತು ಮತ್ತೆ ಸಂಖ್ಯೆ ಮಾಡಬೇಕು. ಎಕ್ಸೆಲ್‌ಗೆ ಕಳಿಸಿದರೆ ಅಲ್ಲಿಯೂ ಅದು ಪಠ್ಯವೇ. ಸಾರ್ಟ್, ಎಡಿಟ್, ಮೊತ್ತ ಯಾವುದೂ ಬೇಡದ, ಬರೀ ನೋಡಿ ಮುಚ್ಚುವ ನಾಲ್ಕು ಸಾಲಿನ ಕಿಟಕಿಯಾದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ಬೇಡ.

ಕಾಲಂನ ಕ್ಲಾಸ್ ಹೇಳುವುದು: ಬಿಟ್ಟಿ ಸಿಗುವ ಅರ್ಧ ಕೆಲಸ

ಕ್ಲಾಸ್ ಎಂದರೆ ಬೆಲೆ ಯಾವ ಜಾತಿಯದು ಎಂಬುದು: ಸಂಖ್ಯೆ, ತಾರೀಖು, ಹೌದು-ಅಲ್ಲ, ಹೀಗೆ. ಸ್ವಿಂಗ್‌ನ ಸಿದ್ಧ ಮಾಡೆಲ್ ಆದ ಅಬ್‌ಸ್ಟ್ರ್ಯಾಕ್ಟ್‌ಟೇಬಲ್‌ಮಾಡೆಲ್‌ನ ಗೆಟ್‌ಕಾಲಂಕ್ಲಾಸ್ ಮೂಲದಲ್ಲಿ ಎಲ್ಲ ಕಾಲಂಗೂ ‘ಆಬ್ಜೆಕ್ಟ್’ ಎಂದೇ ಉತ್ತರಿಸುತ್ತದೆ. ಡೀಫಾಲ್ಟ್‌ಟೇಬಲ್‌ಮಾಡೆಲ್ ಕೂಡ ಅದನ್ನೇ ಮುಂದುವರಿಸುತ್ತದೆ. ನೀವು ಅದನ್ನು ಓವರ್‌ರೈಡ್ ಮಾಡಿ (ನಿಮ್ಮದೇ ರೀತಿಯಲ್ಲಿ ಮತ್ತೆ ಬರೆದು) ಕಾಲಂಗೆ ತಕ್ಕ ಕ್ಲಾಸ್ ಹೇಳಿದರೆ ಸ್ವಿಂಗ್ ತನ್ನ ಬಳಿ ಇರುವ ರೆಂಡರರ್‌ಗಳನ್ನು (ಸೆಲ್ ಬಿಡಿಸುವ ತುಣುಕುಗಳನ್ನು) ತಾನೇ ಹಚ್ಚುತ್ತದೆ. ಬೂಲಿಯನ್‌ಗೆ (ಹೌದು-ಅಲ್ಲ) ನಡುವೆ ಚೆಕ್‌ಬಾಕ್ಸ್, ನಂಬರ್‌ಗೆ ಬಲಕ್ಕೆ ಜೋಡಣೆ, ದಶಮಾಂಶ ಸಂಖ್ಯೆಗಳಾದ ಡಬಲ್ ಮತ್ತು ಫ್ಲೋಟ್‌ಗೆ ನಂಬರ್‌ಫಾರ್ಮ್ಯಾಟ್, ಡೇಟ್‌ಗೆ ತಾರೀಖಿನ ರೂಪ, ಐಕಾನ್‌ಗೆ ಚಿತ್ರ. ಸಾರ್ಟ್ ಕೂಡ ಇದರ ಮೇಲೇ ನಿಂತಿದೆ. ಟೇಬಲ್‌ರೋಸಾರ್ಟರ್ ಕಾಲಂನ ಕ್ಲಾಸ್ ನೋಡಿಯೇ ಹೋಲಿಸುತ್ತದೆ. ಆಬ್ಜೆಕ್ಟ್ ಎಂದು ಬಿಟ್ಟರೆ ಒಳಗೆ ಡಬಲ್ ಇದ್ದರೂ ಅದನ್ನು ಪಠ್ಯ ಮಾಡಿ ಹೋಲಿಸುತ್ತದೆ, ಮತ್ತೆ 10.5 ಮೇಲೆ 9.0 ಕೆಳಗೆ.

ಇದರ ಮಿತಿಗಳು ಸಣ್ಣವು, ಆದರೆ ಡೇರಿ ಪರದೆಯಲ್ಲಿ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಡಬಲ್‌ನ ರೆಂಡರರ್ 4.0 ಫ್ಯಾಟನ್ನು ‘4’ ಎಂದು, 3.85ನ್ನು ‘3.85’ ಎಂದೇ ತೋರಿಸುತ್ತದೆ. ದಶಮಾಂಶ ಚುಕ್ಕೆಗಳು ಒಂದರ ಕೆಳಗೊಂದು ನಿಲ್ಲುವುದಿಲ್ಲ. ನಿಖರ ದಶಮಾಂಶದ ಬಿಗ್‌ಡೆಸಿಮಲ್‌ಗೆ ಪ್ರತ್ಯೇಕ ರೂಪವಿಲ್ಲ, ನಂಬರ್‌ನ ಸಾಮಾನ್ಯ ರೆಂಡರರ್ ಅದನ್ನು ಬಲಕ್ಕೆ ಸರಿಸಿ ಹಾಗೇ ಬರೆಯುತ್ತದೆ. ಜಾವಾದ ಹೊಸ ತಾರೀಖಿನ ಕ್ಲಾಸ್ ಲೋಕಲ್‌ಡೇಟ್‌ಗೆ ರೆಂಡರರ್ರೇ ಇಲ್ಲ, ‘2025-01-14’ ಎಂದು ವರ್ಷ ಮುಂದಾಗಿ ಬರುತ್ತದೆ.

ಇನ್ನೊಂದು, ಕಾಲಂ ಎಡಿಟ್ ಆಗಬೇಕಿದ್ದರೆ ಬರೀ ‘ನಂಬರ್’ ಎಂದು ಹೇಳಬೇಡಿ. ಜೆಟೇಬಲ್‌ನ ಎಡಿಟರ್ ಆ ಕ್ಲಾಸ್‌ಗೆ ಸ್ಟ್ರಿಂಗ್ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರ್ (ಹೊಸ ಬೆಲೆ ಕಟ್ಟುವ ಕೋಡ್) ಹುಡುಕುತ್ತದೆ. ನಂಬರ್‌ಗೆ ಅಂಥದ್ದು ಇಲ್ಲದ್ದರಿಂದ ಸಿಗುವುದಿಲ್ಲ, ಡಬಲ್ ಕ್ಲಿಕ್ ಮಾಡಿದರೂ ಸೆಲ್ ತೆರೆಯುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಡಬಲ್ ಅಥವಾ ಬಿಗ್‌ಡೆಸಿಮಲ್ ಎಂದೇ ಹೇಳಿ.

ಅಂಕಿಯ ರೂಪ ಮಾತ್ರ ಬೇಕೇ? ಸೆಟ್‌ವ್ಯಾಲ್ಯೂ ಸಾಕು

ಬಣ್ಣ ಬೇಡ, ಬರೀ ಬರಹ ಬದಲಾಗಬೇಕು ಎಂದರೆ ಸ್ವಿಂಗ್‌ನ ಸಿದ್ಧ ರೆಂಡರರ್ ಆದ ಡೀಫಾಲ್ಟ್‌ಟೇಬಲ್‌ಸೆಲ್‌ರೆಂಡರರ್‌ನ ಮಗ ಕ್ಲಾಸ್ ಮಾಡಿ, ಅದರ ಸೆಟ್‌ವ್ಯಾಲ್ಯೂ ಒಂದನ್ನೇ ಓವರ್‌ರೈಡ್ ಮಾಡಿ. ಬೆಲೆ ‘ನಲ್’ (ಏನೂ ಇಲ್ಲ) ಆಗಿದ್ದರೆ ಖಾಲಿ ಪಠ್ಯ, ಇಲ್ಲದಿದ್ದರೆ ಫಾರ್ಮ್ಯಾಟ್ ಮಾಡಿದ ಪಠ್ಯ: ಎರಡು ಸಾಲಿನ ಕೆಲಸ. ಕನ್‌ಸ್ಟ್ರಕ್ಟರ್‌ನಲ್ಲಿ ಸೆಟ್‌ಹಾರಿಜಾಂಟಲ್‌ಅಲೈನ್‌ಮೆಂಟ್‌ಗೆ ‘ರೈಟ್’ ಕೊಡಿ. ಆಯ್ಕೆಯ ಬಣ್ಣ, ಫೋಕಸ್‌ನ ಚೌಕಟ್ಟು ಎಲ್ಲವನ್ನೂ ತಾಯಿ ಕ್ಲಾಸ್ ನೋಡಿಕೊಳ್ಳುತ್ತದೆ. ಫ್ಯಾಟ್‌ಗೆ ಒಂದು ದಶಮಾಂಶ, ಲೀಟರ್‌ಗೆ ಎರಡು, ತಾರೀಖಿಗೆ ದಿನ-ತಿಂಗಳು-ವರ್ಷ, ಇವಿಷ್ಟಕ್ಕೂ ಇದೇ ಸರಿಯಾದ ದಾರಿ. ಹತ್ತರಲ್ಲಿ ಏಳು ಕಾಲಂ ಇಲ್ಲೇ ಮುಗಿಯುತ್ತವೆ.

ಮೊತ್ತದ ಕಾಲಂ ಹತ್ತಿರ ಸ್ವಲ್ಪ ನಿಲ್ಲಬೇಕು. 10.5 ಲೀಟರ್, ದರ 39.25 ಎಂದಿಟ್ಟುಕೊಳ್ಳಿ. ಗುಣಿಸಿದರೆ 412.125. ಅಂಕಿಗೆ ರೂಪ ಕೊಡುವ ಡೆಸಿಮಲ್‌ಫಾರ್ಮ್ಯಾಟ್, ನೀವು ಏನೂ ಹೇಳದಿದ್ದರೆ, ‘ಹಾಫ್ ಈವನ್’ ಪದ್ಧತಿಯಲ್ಲಿ, ಅಂದರೆ ಸರಿಸಂಖ್ಯೆಯ ಕಡೆಗೆ, ಮಡಿಸುತ್ತದೆ (ಹತ್ತಿರದ ಪೈಸೆಗೆ ಸರಿಹೊಂದಿಸುತ್ತದೆ): 412.12. ಪಾಸ್‌ಬುಕ್‌ನಲ್ಲಿ ಕೈಯಿಂದ ಬರೆದವರು 412.13 ಎಂದೇ ಬರೆದಿರುತ್ತಾರೆ. ಒಂದು ಪೈಸೆ ತಾನೇ ಎನ್ನಬೇಡಿ, ಬಟವಾಡೆ ದಿನ ಆ ಪೈಸೆಯ ಜಗಳವೇ ದೊಡ್ಡದು. ಫಾರ್ಮ್ಯಾಟ್‌ಗೆ ‘ಹಾಫ್ ಅಪ್’ (ಅರ್ಧವಾದರೆ ಮೇಲಕ್ಕೆ) ಎಂದು ಸ್ಪಷ್ಟವಾಗಿ ಹೇಳಿ. ಇನ್ನೂ ಒಳ್ಳೆಯದು, ಮಡಿಸುವ ಕೆಲಸವನ್ನು ಲೆಕ್ಕ ಮಾಡುವ ಜಾಗದಲ್ಲೇ ಬಿಗ್‌ಡೆಸಿಮಲ್‌ನಿಂದ ಮುಗಿಸಿ, ರೆಂಡರರ್‌ಗೆ ಮಡಿಸಿದ ಅಂಕಿಯನ್ನೇ ಕೊಡಿ. ರೆಂಡರರ್ ಮಡಿಸಿದರೆ ಕಾಣುವ ಸಾಲುಗಳ ಮೊತ್ತಕ್ಕೂ ಕೆಳಗಿನ ಒಟ್ಟಿಗೂ ತಾಳೆಯಾಗುವುದಿಲ್ಲ.

ಇನ್ನು ಲಕ್ಷದ ಅಲ್ಪವಿರಾಮ. 1,23,456 ಎಂದು ಬರಲಿ ಎಂದು ಪ್ಯಾಟರ್ನ್‌ನಲ್ಲಿ (ರೂಪ ಹೇಳುವ ಅಚ್ಚಿನಲ್ಲಿ) ಎರಡು ಕಡೆ ಅಲ್ಪವಿರಾಮ ಹಾಕಿದರೂ ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಕೊನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, 123,456 ಎಂದು ಬರೆಯುತ್ತದೆ. ಲೊಕೇಲ್ (ದೇಶ-ಭಾಷೆಯ ಆಯ್ಕೆ) ಅನ್ನು ಭಾರತಕ್ಕೆ ಬದಲಿಸಿದರೂ ಅಷ್ಟೇ. ಎರಡು ಪರಿಹಾರ. ಐಸಿಯು4ಜೆ ಲೈಬ್ರರಿಯ ಡೆಸಿಮಲ್‌ಫಾರ್ಮ್ಯಾಟ್ ಎರಡನೇ ಗುಂಪನ್ನೂ ಅರ್ಥಮಾಡಿಕೊಳ್ಳುತ್ತದೆ, ಅದನ್ನು ಸೇರಿಸಿಕೊಳ್ಳಬಹುದು. ಒಂದೇ ಕಾಲಂಗಾಗಿ ಅಷ್ಟು ದೊಡ್ಡ ಲೈಬ್ರರಿ ಯಾಕೆ ಎನಿಸಿದರೆ ಕೈಯಲ್ಲೇ ಬರೆಯಿರಿ: ಋಣಚಿಹ್ನೆ ಬದಿಗಿಡಿ, ಚುಕ್ಕೆಯ ಹತ್ತಿರ ಒಡೆಯಿರಿ, ಪೂರ್ಣಾಂಕದ ಕೊನೆಯ ಮೂರು ಅಂಕಿ ಎತ್ತಿಡಿ, ಉಳಿದದ್ದನ್ನು ಬಲದಿಂದ ಎಡಕ್ಕೆ ಎರಡೆರಡಾಗಿ ಕತ್ತರಿಸಿ ನಡುವೆ ಅಲ್ಪವಿರಾಮ ಹಾಕಿ ಜೋಡಿಸಿ. ಹದಿನೈದು ಸಾಲು ದಾಟುವುದಿಲ್ಲ. ನಮ್ಮ ಒಲವು ಇದರ ಕಡೆಗೇ.

ತಾರೀಖಿನ ಪ್ಯಾಟರ್ನ್‌ನಲ್ಲಿ ತಿಂಗಳಿಗೆ ದೊಡ್ಡ ‘ಎಂ’, ಚಿಕ್ಕದು ನಿಮಿಷ. ಹಳೆಯ ಡೇಟ್ ಜೊತೆ ಚಿಕ್ಕ ‘ಎಂ’ ಬರೆದರೆ ತಿಂಗಳ ಜಾಗದಲ್ಲಿ ನಿಮಿಷ ಕೂರುತ್ತದೆ, ಗಂಟೆ-ನಿಮಿಷ ಇಡದ ತಾರೀಖಾದರೆ ‘00’. ಲೋಕಲ್‌ಡೇಟ್ ಆದರೆ ಎಕ್ಸೆಪ್ಷನ್ನೇ (ದೋಷ) ಬೀಳುತ್ತದೆ. ಬಿದ್ದರೆ ಒಳ್ಳೆಯದೇ, ಗೊತ್ತಾದರೂ ಆಗುತ್ತದೆ.

ಕಾಲಂಗೆ ಕಟ್ಟಬೇಕೋ, ಕ್ಲಾಸ್‌ಗೆ ಕಟ್ಟಬೇಕೋ

ರೆಂಡರರ್ ಬರೆದಾದ ಮೇಲೆ ಅದನ್ನು ಎಲ್ಲಿ ಹಚ್ಚುವುದು ಎಂಬುದೂ ಒಂದು ಆಯ್ಕೆ. ಜೆಟೇಬಲ್ ಮೊದಲು ಆ ಕಾಲಂಗೇ ರೆಂಡರರ್ ಇದೆಯೇ ನೋಡುತ್ತದೆ. ಇಲ್ಲದಿದ್ದರೆ ಕಾಲಂನ ಕ್ಲಾಸ್ ಹಿಡಿದು, ಅಲ್ಲೂ ಸಿಗದಿದ್ದರೆ ಅದರ ತಾಯಿ ಕ್ಲಾಸ್, ಅಜ್ಜಿ ಕ್ಲಾಸ್ ಎಂದು ಮೇಲೇರುತ್ತದೆ. ಹಾಗಾಗಿ ಆಬ್ಜೆಕ್ಟ್‌ಗೆ ರೆಂಡರರ್ ಇಟ್ಟರೆ ಎಲ್ಲ ಕಾಲಂಗೂ ಬರುತ್ತದೆ ಎಂದುಕೊಳ್ಳುವುದು ತಪ್ಪು. ಡಬಲ್, ಬೂಲಿಯನ್‌ಗಳಿಗೆ ಹತ್ತಿರದಲ್ಲೇ ಬೇರೆ ರೆಂಡರರ್ ಸಿಗುವುದರಿಂದ ಹುಡುಕಾಟ ಆಬ್ಜೆಕ್ಟ್ ತನಕ ಏರುವುದೇ ಇಲ್ಲ. ಹೆಸರಿನ ಕಾಲಂಗೆ ಬಣ್ಣ ಬಂತು, ಲೀಟರ್‌ಗೆ ಬರಲಿಲ್ಲ ಎಂಬ ದೂರಿಗೆ ಬಹುತೇಕ ಇದೇ ಕಾರಣ.

ಕಾಲಂಗೆ ಕಟ್ಟಿದ ರೆಂಡರರ್‌ಗೆ ಇನ್ನೊಂದು ಗಂಡಾಂತರ. ‘ರಿಫ್ರೆಶ್’ ಒತ್ತಿದಾಗ ಹೊಸ ಮಾಡೆಲ್ ಕೊಟ್ಟರೆ, ಅಥವಾ ಕಾಲಂಗಳೇ ಬದಲಾದವು ಎಂದು ಸಾರುವ ಫೈರ್‌ಟೇಬಲ್‌ಸ್ಟ್ರಕ್ಚರ್‌ಚೇಂಜ್ಡ್ ಕರೆದರೆ, ಟೇಬಲ್ ಕಾಲಂಗಳನ್ನು ಹೊಸದಾಗಿ ಕಟ್ಟುತ್ತದೆ. ರೆಂಡರರ್, ಕಾಲಂನ ಅಗಲ ಎರಡೂ ಹೊರಟುಹೋಗುತ್ತವೆ. ಬೆಳಿಗ್ಗೆ ಸರಿಯಿತ್ತು, ಸಂಜೆ ಹಾಲಿನ ಹೊತ್ತಿಗೆ ರೂಪ ಹೋಗಿದೆ ಎಂದರೆ ಮೊದಲು ಇಲ್ಲಿ ನೋಡಿ. ದತ್ತಾಂಶ ಮಾತ್ರ ಬದಲಾದಾಗ ಫೈರ್‌ಟೇಬಲ್‌ಡೇಟಾಚೇಂಜ್ಡ್ ಕರೆಯಿರಿ. ಮಾಡೆಲ್ಲೇ ಬದಲಾಗಬೇಕಿದ್ದರೆ ಮೊದಲ ಸಲ ಕಾಲಂ ಕಟ್ಟಿದ ಮೇಲೆ ಸೆಟ್‌ಆಟೊಕ್ರಿಯೇಟ್‌ಕಾಲಮ್ಸ್‌ಫ್ರಂಮಾಡೆಲ್‌ಗೆ ‘ಫಾಲ್ಸ್’ ಕೊಡಿ. ಕ್ಲಾಸ್‌ಗೆ ಕಟ್ಟಿದ್ದು ಇದ್ಯಾವುದಕ್ಕೂ ಅಳುಕುವುದಿಲ್ಲ. ಆದರೆ ಫ್ಯಾಟ್, ಲೀಟರ್, ದರ ಮೂರೂ ಡಬಲ್ ಆಗಿದ್ದು ಮೂರಕ್ಕೂ ಬೇರೆ ಬೇರೆ ರೂಪ ಬೇಕಾದಾಗ ಕಾಲಂಗೇ ಕಟ್ಟದೆ ವಿಧಿಯಿಲ್ಲ.

ಬಣ್ಣ ಬೇಕಾದಾಗ: ಪೂರ್ಣ ರೆಂಡರರ್

ಫ್ಯಾಟ್ 3.5ಕ್ಕಿಂತ ಇಳಿದರೆ ಅಂಕಿ ಕೆಂಪಾಗಬೇಕು ಎನ್ನಿ. ಆಗ ಗೆಟ್‌ಟೇಬಲ್‌ಸೆಲ್‌ರೆಂಡರರ್‌ಕಾಂಪೊನೆಂಟ್ ಓವರ್‌ರೈಡ್ ಮಾಡಬೇಕು. ಅದಕ್ಕೆ ಆರು ಸಂಗತಿ ಬರುತ್ತವೆ: ಟೇಬಲ್, ಬೆಲೆ, ಆಯ್ಕೆಯಾಗಿದೆಯೇ, ಫೋಕಸ್ ಇದೆಯೇ, ಸಾಲು, ಕಾಲಂ.

ಇಲ್ಲಿ ಅರ್ಥಮಾಡಿಕೊಳ್ಳಬೇಕಾದ್ದು ಒಂದೇ. ರೆಂಡರರ್ ಎಂದರೆ ಸೊಸೈಟಿಯ ರಬ್ಬರ್ ಸೀಲು. ಪ್ರತಿ ಸೆಲ್‌ಗೂ ಒಂದೊಂದು ಲೇಬಲ್ ಇರುವುದಿಲ್ಲ. ಒಂದೇ ಲೇಬಲ್‌ಗೆ ಬೆಲೆ ತುಂಬಿ, ಒತ್ತಿ, ಮುಂದಿನ ಸೆಲ್‌ಗೆ ಹೋಗುತ್ತಾರೆ. ಸೀಲಿಗೆ ಹತ್ತಿದ ಕೆಂಪು ಮಸಿ ಒರೆಸದೆ ಮುಂದಿನ ಪುಟಕ್ಕೆ ಒತ್ತಿದರೆ ಅದೂ ಕೆಂಪೇ. ಡೀಫಾಲ್ಟ್‌ಟೇಬಲ್‌ಸೆಲ್‌ರೆಂಡರರ್ ನೀವು ಕೊನೆಗೆ ಕೊಟ್ಟ ಬಣ್ಣವನ್ನು ನೆನಪಿಟ್ಟುಕೊಂಡು ಮುಂದಿನ ಸೆಲ್‌ಗೂ ಅದನ್ನೇ ಬಳಿಯುತ್ತದೆ. ‘ಇಫ್’ ಬರೆದು ‘ಎಲ್ಸ್’ ಬಿಟ್ಟವರ ಪರದೆಯಲ್ಲಿ ಒಬ್ಬರ ಫ್ಯಾಟ್ ಕಡಿಮೆಯಾದರೆ ಅಲ್ಲಿಂದ ಕೆಳಗೆ ಕಾಲಂ ಪೂರ್ತಿ ಕೆಂಪಾಗುವುದು ಇದರಿಂದ.

ಆದ್ದರಿಂದ ಕ್ರಮ ಹೀಗಿರಲಿ:

1. ಮೊದಲು ಸೆಟ್‌ಫೋರ್‌ಗ್ರೌಂಡ್‌ಗೂ ಸೆಟ್‌ಬ್ಯಾಕ್‌ಗ್ರೌಂಡ್‌ಗೂ ‘ನಲ್’ ಕೊಡಿ. ಸೀಲು ಒರೆಸಿದಂತೆ.
2. ಆಮೇಲೆ ‘ಸೂಪರ್’, ಅಂದರೆ ತಾಯಿ ಕ್ಲಾಸ್‌ನ ಅದೇ ಮೆಥಡ್, ಕರೆಯಿರಿ. ಆಯ್ಕೆಯ ಬಣ್ಣ, ಫಾಂಟ್, ಚೌಕಟ್ಟು, ಬೆಲೆ ಎಲ್ಲ ಅಲ್ಲಿ ಕೂರುತ್ತವೆ.
3. ಸಾಲು ಆಯ್ಕೆಯಾಗಿಲ್ಲದಿದ್ದರೆ ಮಾತ್ರ ನಿಮ್ಮ ಬಣ್ಣ ಹಾಕಿ.
4. ದಪ್ಪ ಅಕ್ಷರ, ಟೂಲ್‌ಟಿಪ್ ಇದ್ದರೆ ಇಲ್ಲಿ. ಟೂಲ್‌ಟಿಪ್ ಬೇಡದ ಸೆಲ್‌ಗೆ ‘ನಲ್’ ಕೊಡಲು ಮರೆಯಬೇಡಿ, ಅದೂ ಅಂಟಿಕೊಳ್ಳುತ್ತದೆ.

ಕನ್‌ಸ್ಟ್ರಕ್ಟರ್‌ನಲ್ಲಿ ಹಾಕಿದ ಫಾಂಟ್ ಕಾಣುವುದಿಲ್ಲ ಎಂಬ ದೂರಿನ ಮೂಲವೂ ಇಲ್ಲಿದೆ: ‘ಸೂಪರ್’ ಪ್ರತಿ ಸಲ ಟೇಬಲ್‌ನ ಫಾಂಟನ್ನೇ ಮತ್ತೆ ಹಾಕುತ್ತದೆ. ಹಾಗೆಯೇ, ಡೀಫಾಲ್ಟ್ ರೆಂಡರರ್ ಬಿಟ್ಟು ಬರೀ ಜೆಲೇಬಲ್‌ನಿಂದ ಸ್ವಂತ ರೆಂಡರರ್ ಕಟ್ಟಿದರೆ ಸೆಟ್‌ಒಪೇಕ್‌ಗೆ ‘ಟ್ರೂ’ ಕೊಡದೆ ಹಿನ್ನೆಲೆ ಬಣ್ಣ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಡೀಫಾಲ್ಟ್ ರೆಂಡರರ್ ತನಗೆ ಬೇಡದ ರೀಪೇಂಟ್, ರೀವ್ಯಾಲಿಡೇಟ್ ಕರೆಗಳನ್ನು ಖಾಲಿ ಮಾಡಿಟ್ಟಿದೆ. ಆ ವೇಗ ಕಳೆದುಕೊಳ್ಳಲು ಕಾರಣವಿಲ್ಲ.

ಸೀಲಿನ ಲೆಕ್ಕ ತಿಳಿದರೆ ಇನ್ನೆರಡು ಪ್ರಶ್ನೆ ತಾವೇ ಬಗೆಹರಿಯುತ್ತವೆ. ರೆಂಡರರ್ ಆಗಿ ಇಟ್ಟ ಬಟನ್ ಒತ್ತಿದರೆ ಏಕೆ ಕೆಲಸ ಮಾಡುವುದಿಲ್ಲ? ಅದು ಬಟನ್ನಿನ ಅಚ್ಚು, ಬಟನ್ ಅಲ್ಲ. ಒತ್ತಬೇಕಿದ್ದರೆ ಸೆಲ್ ಎಡಿಟರ್ ಬೇಕು. ಸ್ಕ್ರೋಲ್ ಮಾಡಿದರೆ ಏಕೆ ತಡವರಿಸುತ್ತದೆ? 25 ಸಾಲು, 10 ಕಾಲಂ ಕಾಣುತ್ತಿದ್ದರೆ ಪೂರ್ತಿ ಪರದೆ ಬಿಡಿಸುವಾಗೆಲ್ಲ 250 ಸಲ ಸೀಲು ಬೀಳುತ್ತದೆ. ಅದರೊಳಗೆ ಡೇಟಾಬೇಸ್ ಕೇಳುವುದು, ಚಿತ್ರದ ಫೈಲ್ ಓದುವುದು, ಪ್ರತಿ ಸಲ ಹೊಸ ಡೆಸಿಮಲ್‌ಫಾರ್ಮ್ಯಾಟ್ ಮಾಡುವುದು ಸಲ್ಲದು. ಫಾರ್ಮ್ಯಾಟ್ ಒಂದನ್ನು ಫೀಲ್ಡ್‌ನಲ್ಲಿಟ್ಟುಕೊಂಡು ಅದನ್ನೇ ಬಳಸಿ.

ಇಡೀ ಸಾಲಿಗೆ ಬಣ್ಣ: ಪ್ರಿಪೇರ್‌ರೆಂಡರರ್

ಬಟವಾಡೆ ಆಗದವರ ಸಾಲು ಪೂರ್ತಿ ತಿಳಿಹಳದಿ ಆಗಬೇಕು. ಇದಕ್ಕೆ ಹತ್ತು ಕಾಲಂನ ರೆಂಡರರ್‌ಗಳಿಗೂ ಒಂದೇ ಷರತ್ತು ಬರೆದವರನ್ನು ಕಂಡಿದ್ದೇವೆ, ಅಯ್ಯೋ ಅನಿಸುತ್ತದೆ. ಜೆಟೇಬಲ್‌ನ ಪ್ರಿಪೇರ್‌ರೆಂಡರರ್ ಎಲ್ಲ ಸೆಲ್‌ಗೂ ದಾರಿಯಲ್ಲಿ ಸಿಗುವ ಒಂದೇ ಬಾಗಿಲು. ‘ಸೂಪರ್’ ಕೊಟ್ಟ ಕಾಂಪೊನೆಂಟ್ ಹಿಡಿದುಕೊಂಡು, ಸೆಲ್ ಆಯ್ಕೆಯಾಗಿಲ್ಲದಿದ್ದರೆ ಹಿನ್ನೆಲೆ ಹಾಕಿ, ವಾಪಸ್ ಕೊಡಿ. ಚೆಕ್‌ಬಾಕ್ಸ್ ಕಾಲಂ ಕೂಡ ಇದರಲ್ಲೇ ಬರುತ್ತದೆ. ಇಲ್ಲೂ ಎರಡೂ ಕಡೆಯ ಬಣ್ಣ ಹೇಳಲೇಬೇಕು: ಬಾಕಿಯಾದರೆ ಹಳದಿ, ಇಲ್ಲದಿದ್ದರೆ ಟೇಬಲ್‌ನ ಹಿನ್ನೆಲೆ.

ಇಲ್ಲಿ ಬರುವ ಸಾಲು, ಕಾಲಂನ ಸಂಖ್ಯೆ ಪರದೆಯ ಮೇಲಿನದು, ಮಾಡೆಲ್‌ನದಲ್ಲ. ಫ್ಯಾಟ್ ಪ್ರಕಾರ ಸಾರ್ಟ್ ಮಾಡಿದ ಕೂಡಲೇ ಎರಡೂ ಬೇರೆಯಾಗುತ್ತವೆ. ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಮೂಲಕ ಮಾಡೆಲ್‌ನ ಸಾಲು ಪಡೆದು, ಮಾಡೆಲ್‌ನಿಂದಲೇ ಬಟವಾಡೆಯ ಬೆಲೆ ಓದಿ. ಇಲ್ಲದಿದ್ದರೆ ಸಾರ್ಟ್ ಮಾಡಿದಾಗ ಬಣ್ಣ ನಿಂತಲ್ಲೇ ನಿಲ್ಲುತ್ತದೆ, ಹೆಸರು ಮಾತ್ರ ಸರಿಯುತ್ತದೆ. ದುಡ್ಡು ಪಡೆದವರು ಬಾಕಿದಾರರಾಗಿ ಕಾಣುತ್ತಾರೆ.

ಇನ್ನೊಂದು ಸೂಕ್ಷ್ಮ: ಸಾರ್ಟರ್ ಇಲ್ಲದ ಟೇಬಲ್‌ನಲ್ಲಿ ಬಟವಾಡೆಗೆ ಟಿಕ್ ಹಾಕಿ ಫೈರ್‌ಟೇಬಲ್‌ಸೆಲ್‌ಅಪ್‌ಡೇಟೆಡ್ ಕರೆದರೆ ಆ ಒಂದು ಸೆಲ್ ಮಾತ್ರ ಹೊಸದಾಗಿ ಬಿಡಿಸಲ್ಪಡುತ್ತದೆ. ಉಳಿದ ಒಂಬತ್ತು ಹಳದಿಯಾಗೇ ಇರುತ್ತವೆ. ಸಾಲಿನ ಬಣ್ಣ ಒಂದು ಸೆಲ್‌ನ ಬೆಲೆಯ ಮೇಲೆ ನಿಂತಿದ್ದರೆ ಫೈರ್‌ಟೇಬಲ್‌ರೋಸ್‌ಅಪ್‌ಡೇಟೆಡ್ ಕರೆಯಿರಿ.

ಒಂದು ಬಿಟ್ಟು ಒಂದು ಸಾಲಿಗೆ ತಿಳಿಬಣ್ಣ ಮಾತ್ರ ಸಾಕು ಎಂದರೆ ಇಷ್ಟೂ ಬೇಡ. ಸ್ವಿಂಗ್‌ನ ನೋಟ ನಿಯಂತ್ರಿಸುವ ಯುಐಮ್ಯಾನೇಜರ್‌ನಲ್ಲಿ ‘ಟೇಬಲ್.ಆಲ್ಟರ್ನೇಟ್‌ರೋಕಲರ್’ ಎಂಬ ಕೀಲಿಗೆ ಬಣ್ಣ ಕೊಟ್ಟರೆ ಡೀಫಾಲ್ಟ್ ರೆಂಡರರ್ ಅದನ್ನು ಪಾಲಿಸುತ್ತದೆ. ಸ್ವಿಂಗ್‌ನ ಮೂಲ ನೋಟವಾದ ಮೆಟಲ್‌ನಲ್ಲಿ ಚೆಕ್‌ಬಾಕ್ಸ್ ಕಾಲಂ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದು ಕಣ್ಣಿಗೆ ಚುಚ್ಚಿದರೆ ಮತ್ತೆ ಪ್ರಿಪೇರ್‌ರೆಂಡರರ್ರೇ ಗತಿ.

ಬಣ್ಣದ ಮೇಲೆ ಪೂರ್ತಿ ಭಾರ ಹಾಕಬೇಡಿ. ಸೊಸೈಟಿಯ ಪ್ರಿಂಟರ್ ಕಪ್ಪು-ಬಿಳುಪಾಗಿದ್ದರೆ ಕೆಂಪು ಅಂಕಿ ಬೂದಿಯಾಗುತ್ತದೆ. ಕಡಿಮೆ ಫ್ಯಾಟ್‌ಗೆ ಕೆಂಪಿನ ಜೊತೆ ಒಂದು ನಕ್ಷತ್ರ ಚಿಹ್ನೆಯನ್ನೂ ಸೇರಿಸಿದರೆ ಕಾಗದದ ಮೇಲೂ ತಿಳಿಯುತ್ತದೆ.

ಕನ್ನಡ ಅಕ್ಷರ, ಸಾಲಿನ ಎತ್ತರ

ಜೆಟೇಬಲ್‌ನ ಸಾಲಿನ ಎತ್ತರ ಮೂಲದಲ್ಲಿ 16 ಪಿಕ್ಸೆಲ್. ಇಂಗ್ಲಿಷ್‌ಗೆ ಹೇಗೋ ಸಾಕಾಗುತ್ತದೆ. ‘ಲಕ್ಷ್ಮಮ್ಮ’ನಲ್ಲಿ ಕ-ಷ-ಮ ಮೂರೂ ಒಂದರ ಕೆಳಗೊಂದು ಇಳಿಯುತ್ತವೆ, ‘ಕೃಷ್ಣೇಗೌಡ’ದಲ್ಲಿ ಕೆಳಗೆ ಒತ್ತು, ಮೇಲೆ ಏತ್ವ. ಫಾಂಟ್ ಬದಲಿಸಿದರೂ ಎತ್ತರ ತಾನಾಗಿ ಏರುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಕನ್ನಡ ಬರುವ ನಿರ್ಮಲಾ ಯುಐ ಫಾಂಟ್ ಇದೆ. ಅದನ್ನು 15 ಅಥವಾ 16ರ ಅಳತೆಯಲ್ಲಿ ಟೇಬಲ್‌ಗೇ ಹಾಕಿ, ಫಾಂಟ್‌ಮೆಟ್ರಿಕ್ಸ್‌ನಿಂದ ಗೆಟ್‌ಹೈಟ್ ಕೇಳಿ, ಅದಕ್ಕೆ 6 ಸೇರಿಸಿ ಸೆಟ್‌ರೋಹೈಟ್‌ಗೆ ಕೊಡಿ. ಕಣ್ಣಂದಾಜಿನಲ್ಲಿ 24 ಎಂದು ಬರೆದಿಟ್ಟರೆ ಬೇರೆ ಯಂತ್ರದಲ್ಲಿ ಬೇರೆ ಫಾಂಟ್ ಸಿಕ್ಕಾಗ ಮತ್ತೆ ಕತ್ತರಿ ಬೀಳುತ್ತದೆ. ರೆಂಡರರ್ ಒಳಗೆ ಇದನ್ನು ಮಾಡಲು ಹೋಗಬೇಡಿ, ಒಮ್ಮೆ ಹೊರಗೆ ಮಾಡಿದರೆ ಮುಗಿಯಿತು.

ಎಚ್‌ಟಿಎಂಎಲ್, ಹಲವು ಸಾಲಿನ ಸೆಲ್

ಬೆಲೆಯ ಮೊದಲಿಗೆ ಎಚ್‌ಟಿಎಂಎಲ್ ಟ್ಯಾಗ್ ಇದ್ದರೆ ಲೇಬಲ್ ಅದನ್ನು ಪುಟದಂತೆ ಬಿಡಿಸುತ್ತದೆ. ಒಂದೇ ಸೆಲ್‌ನಲ್ಲಿ ಅರ್ಧ ದಪ್ಪ, ಅರ್ಧ ಸಣ್ಣ ಅಕ್ಷರಕ್ಕೆ ಇದು ಸಲೀಸು. ಆದರೆ ಪ್ರತಿ ಸೀಲಿಗೂ ಆ ಪಠ್ಯವನ್ನು ಮೊದಲಿಂದ ಓದಿ ಕಟ್ಟಬೇಕು, ಸಾಲು ಹೆಚ್ಚಾದಂತೆ ಸ್ಕ್ರೋಲ್ ಭಾರವಾಗುತ್ತದೆ. ಇನ್ನೊಬ್ಬರು ಟೈಪ್ ಮಾಡಿದ್ದನ್ನು ತೋರಿಸುವ ಕಾಲಂ ಆದರೆ ರೆಂಡರರ್‌ನ ಕ್ಲೈಂಟ್ ಪ್ರಾಪರ್ಟಿ ‘ಎಚ್‌ಟಿಎಂಎಲ್.ಡಿಸೇಬಲ್’ಗೆ ‘ಟ್ರೂ’ ಕೊಟ್ಟು ಮುಚ್ಚುವುದೇ ಕ್ಷೇಮ.

ಪಶು ಆಹಾರದ ಬಾಬ್ತು, ಸಾಲದ ಕಡಿತ ಎಂದೆಲ್ಲ ಉದ್ದದ ವಿವರ ತೋರಿಸಲು ಜೆಟೆಕ್ಸ್ಟ್‌ಏರಿಯಾ ರೆಂಡರರ್ ಮಾಡುತ್ತಾರೆ. ಸೆಟ್‌ಸೈಜ್‌ನಲ್ಲಿ ಕಾಲಂನ ಅಗಲ ಕೊಟ್ಟು ಆಮೇಲೆ ಬೇಕಾದ ಎತ್ತರ ಕೇಳಬೇಕು. ಈಗಿನ ಎತ್ತರಕ್ಕಿಂತ ಬೇರೆಯಾಗಿದ್ದರೆ ಮಾತ್ರ ಸೆಟ್‌ರೋಹೈಟ್ ಕರೆಯಬೇಕು. ಪರೀಕ್ಷಿಸದೆ ಕರೆದರೆ ಅದು ಮತ್ತೆ ಬಿಡಿಸಲು ಹೇಳುತ್ತದೆ, ಬಿಡಿಸುವಾಗ ಮತ್ತೆ ಎತ್ತರ, ಮತ್ತೆ ಬಿಡಿಸು; ಪ್ರೊಸೆಸರ್ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಜಾವಾಎಫ್‌ಎಕ್ಸ್ ಅಥವಾ ಕ್ಯೂಟಿ ಆದರೆ

ಹೊಸದಾಗಿ ಶುರುಮಾಡುವವರಿಗೆ ಜಾವಾಎಫ್‌ಎಕ್ಸ್ (ಪರದೆ ಕಟ್ಟುವ ಜಾವಾದ ಇನ್ನೊಂದು ಲೈಬ್ರರಿ) ಒಳ್ಳೆಯ ಆಯ್ಕೆ. ಅಲ್ಲಿ ಬೆಲೆಗೆ ಸೆಲ್‌ವ್ಯಾಲ್ಯೂಫ್ಯಾಕ್ಟರಿ, ರೂಪಕ್ಕೆ ಸೆಲ್‌ಫ್ಯಾಕ್ಟರಿ ಎಂದು ಮೊದಲೇ ಬೇರ್ಪಡಿಸಿದ್ದಾರೆ, ಇಡೀ ಸಾಲಿಗೆ ರೋಫ್ಯಾಕ್ಟರಿ. ಸೆಲ್‌ಗಳು ನಿಜವಾದ ನೋಡ್‌ಗಳು, ಒಳಗಿಟ್ಟ ಬಟನ್ ಒತ್ತಿದರೆ ಕೆಲಸ ಮಾಡುತ್ತದೆ. ಆದರೆ ಸ್ಕ್ರೋಲ್ ಮಾಡಿದಾಗ ಅದೇ ಸೆಲ್‌ಗಳು ಬೇರೆ ಸಾಲಿಗೆ ಮರುಬಳಕೆಯಾಗುತ್ತವೆ. ಅಪ್‌ಡೇಟ್‌ಐಟಂನಲ್ಲಿ ‘ಸೂಪರ್’ ಕರೆದು, ಖಾಲಿ ಸೆಲ್ ಆದರೆ ಪಠ್ಯ, ಗ್ರಾಫಿಕ್, ಸ್ಟೈಲ್ ಮೂರನ್ನೂ ಅಳಿಸಬೇಕು. ಅಳಿಸದಿದ್ದರೆ ಪಟ್ಟಿ ಮುಗಿದ ಮೇಲೂ ಕೆಳಗಿನ ಖಾಲಿ ಜಾಗದಲ್ಲಿ ಹಳೆಯ ಮೊತ್ತಗಳು ದೆವ್ವದಂತೆ ಕಾಣುತ್ತವೆ.

ಕ್ಯೂಟಿಯಲ್ಲಿ (ಸಿ++, ಪೈಥಾನ್‌ನಲ್ಲಿ ಪರದೆ ಕಟ್ಟುವ ಲೈಬ್ರರಿ) ಮಾಡೆಲ್ಲೇ ಪಾತ್ರವಾರು ಉತ್ತರ ಕೊಡುತ್ತದೆ: ಡಿಸ್‌ಪ್ಲೇರೋಲ್‌ಗೆ ಬರಹ, ಬ್ಯಾಕ್‌ಗ್ರೌಂಡ್‌ರೋಲ್‌ಗೆ ಬಣ್ಣ, ಟೆಕ್ಸ್ಟ್‌ಅಲೈನ್‌ಮೆಂಟ್‌ರೋಲ್‌ಗೆ ಜೋಡಣೆ. ಸರಳ ಬಣ್ಣಕ್ಕೆ ಇಷ್ಟು ಸಾಕು. ಡಿಸ್‌ಪ್ಲೇರೋಲ್‌ಗೆ ಸ್ಟ್ರಿಂಗ್ ಕೊಟ್ಟರೆ ಸಾರ್ಟ್ ಪ್ರಾಕ್ಸಿ ಅದನ್ನೇ ಹೋಲಿಸುವುದರಿಂದ ಹಳೆಯ 10.5ರ ಕಥೆ ಮತ್ತೆ. ಸೆಟ್‌ಸಾರ್ಟ್‌ರೋಲ್‌ನಲ್ಲಿ ಬೇರೆ ಪಾತ್ರ ಹೇಳಿ, ಅಥವಾ ಸಂಖ್ಯೆಯನ್ನೇ ಕೊಟ್ಟು ಸೆಲ್ ಬಿಡಿಸುವ ಸ್ಟೈಲ್ಡ್‌ಐಟಂಡೆಲಿಗೇಟ್‌ನ ಡಿಸ್‌ಪ್ಲೇಟೆಕ್ಸ್ಟ್‌ನಲ್ಲಿ ರೂಪ ಕೊಡಿ. ಪೈಥಾನ್‌ನಿಂದ ಬಳಸುವವರು ಡೆಲಿಗೇಟನ್ನು ಸೆಲ್ಫ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ವ್ಯೂ ಅದರ ಒಡೆತನ ವಹಿಸಿಕೊಳ್ಳುವುದಿಲ್ಲ, ಪೈಥಾನ್ ಬಳಸದ ವಸ್ತುಗಳ ಕಸ ಗುಡಿಸುವಾಗ ಹೋಗಿಬಿಟ್ಟರೆ ರೂಪ ಮಾಯವಾಗುತ್ತದೆ, ಇಲ್ಲವೇ ಪ್ರೋಗ್ರಾಂ ಕುಸಿಯುತ್ತದೆ.

ಸ್ವಿಂಗ್‌ನಲ್ಲಿ ಈಗಾಗಲೇ ಓಡುತ್ತಿರುವ ಪರದೆಯನ್ನು ಸೆಲ್‌ನ ರೂಪಕ್ಕಾಗಿ ಮಾತ್ರ ಬೇರೆ ಕಡೆಗೆ ಒಯ್ಯುವುದು ದಂಡ. ಅದರ ಬದಲು ಈ ಕ್ರಮದಲ್ಲಿ ಕೈಹಾಕಿ: ಗೆಟ್‌ಕಾಲಂಕ್ಲಾಸ್ ಸರಿಮಾಡಿ, ಸಾಲಿನ ಎತ್ತರ ಲೆಕ್ಕ ಹಾಕಿ, ಏಳು ಕಾಲಂಗೆ ಸೆಟ್‌ವ್ಯಾಲ್ಯೂ ಬರೆಯಿರಿ, ಫ್ಯಾಟ್‌ಗೊಂದು ಪೂರ್ಣ ರೆಂಡರರ್, ಬಾಕಿ ಸಾಲಿಗೆ ಪ್ರಿಪೇರ್‌ರೆಂಡರರ್. ಪ್ರತಿ ಹೆಜ್ಜೆಯ ನಂತರ ಲೀಟರ್ ಕಾಲಂನ ತಲೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ, 10.5 ಎಲ್ಲಿ ನಿಂತಿದೆ ನೋಡಿಕೊಳ್ಳಿ.